ಅಂಗಾರಕದವನ ಮಾತು

“ಇನ್ನೊಂದ್ ಸಲ ಹಾಕಿ ಅಳಿಯಂದ್ರೇ,” ಎಂದಳು ಮುನಿಗಂಗಮ್ಮ.

ಅಳಿಯ ಉಮಾಶಂಕರ ರಿಮೋಟು ಒತ್ತಿದ. ಟೀವಿಯಲ್ಲಿ ಚಿತ್ರ ಸರಸರನೆ ಹಿಂದಕ್ಕೋಡಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತಿತು.

ಪೆಟ್ಟಿಗೆಯ ಒಳಗೆ ಅಂಗಾರಕ ಗ್ರಹದಿಂದ ಬಂದವನು. ಮೈಗೆ ಬೆಳ್ಳಿ ಬಣ್ಣದ ಅಂಗಿ, ತಲೆಗೆ ಗುಂಡನೆಯ ಗಾಜಿನ ಟೋಪಿ. ಹೊರಗೆ ನಿಂತ ಹುಚ್ಚು ವಿಜ್ಞಾನಿ ಕೊಳವೆಯಿಂದ ಒಳಕ್ಕೆ ನೀಲಿ ಹೊಗೆ ಬಿಡುತ್ತಾನೆ. ಅಂಗಾರಕದವನು ಗಾಜಿಗೆ ಬಡಿಯುತ್ತಾನೆ, ಗಿರ್ರನೆ ಸುತ್ತುತ್ತಾನೆ, ಮಂಡಿಯೂರುತ್ತಾನೆ. ಆಮೇಲೆ ತನ್ನ ಗ್ರಹದ ಭಾಷೆಯಲ್ಲಿ ಆ ಮಾತು ಆಡುತ್ತಾನೆ.

ಗಾಳೆಬಲ್ಲ ತೆಗುಮಾ.

‘ಅಂಗಾರಕನ ಅತಿಥಿ’ ತೆರೆಕಂಡ ವರ್ಷ ಕೋಲಾರ ಜಿಲ್ಲೆಯಲ್ಲಿ ಆ ಮಾತು ಆಡದ ಮಕ್ಕಳೇ ಇರಲಿಲ್ಲ. ಈಗ ಇದೇ ಟೀವಿಯ ಮುಂದೆ ಕೂತಿದ್ದ ಪ್ರಿಯಂವದಾ ಆಗ ಓದುತ್ತಿದ್ದ ಮುಳಬಾಗಿಲಿನ ಶಾಲೆಯಲ್ಲಿ ಅವಳ ಗುಂಪು ಅದರದೇ ಒಂದು ಆಟ ಕಟ್ಟಿಕೊಂಡಿತ್ತು. ದಮ್ಮಿನ ಕಾಯಿಲೆ ಇದ್ದ ಒಬ್ಬ ಹುಡುಗಿಯನ್ನು ಭೂಪಟ ಇಡುವ ಬೀರುವಿನೊಳಕ್ಕೆ ತಳ್ಳಿ ಬಾಗಿಲು ಒತ್ತಿ ಹಿಡಿಯುವುದು. ಒಳಗಿನಿಂದ ಅವಳು ‘ಗಾಳೆಬಲ್ಲ ತೆಗುಮಾ’ ಅಂದರೆ ಮಾತ್ರ ಬಿಡುವುದು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಈಗ ಹಳೇ ರೀಲಿನ ಗೀರು, ಕಲೆಗಳನ್ನೆಲ್ಲ ತೆಗೆದು, ದನಿಯನ್ನು ಶುದ್ಧ ಮಾಡಿ ಹೊಸ ಡಿವಿಡಿ ಬಂದಿತ್ತು. ಆ ಸಿನಿಮಾದಲ್ಲಿ ಪಾರ್ಟು ಮಾಡಲು ಹೋಗಿ ಹದಿನಾರು ವರ್ಷದಿಂದ ಮನೆಗೆ ಬಾರದ ಮಗ ಕದಿರೇಶನನ್ನು ಹುಡುಕಿಕೊಡಿ ಎಂದು ಹೋಳೂರಿನ ಮುನಿಗಂಗಮ್ಮ ಕೋಲಾರದ ಪತ್ತೇದಾರಿ ಪ್ರಿಯಂವದಾಳ ಬಾಗಿಲು ತಟ್ಟಿದ ಮೇಲೆ, ಡಿವಿಡಿಯನ್ನು ಈ ಮನೆಗೆ ತಂದವಳು ಪ್ರಿಯಂವದಾಳೇ. ಸಿನಿಮಾದ ಜನರ ಗುಂಪಿನಲ್ಲಿ ಎಲ್ಲೋ ನಿಂತ ಮಗನನ್ನು ತಾಯಿ ಗುರುತು ಹಿಡಿದಾಳು ಎಂಬುದಷ್ಟೇ ಅವಳ ಎಣಿಕೆ.

ತಾಯಿ ಗುಂಪಿನ ಕಡೆ ನೋಡಲೇ ಇಲ್ಲ.

“ಅವನೇ ಕಣಮ್ಮ,” ಎಂದು ಅವಳು ಗಾಜಿನ ಪೆಟ್ಟಿಗೆಗೆ ಬೆರಳು ಮಾಡಿದಳು. “ಆ ಕಣ್ಣು ನೋಡು. ನಾ ಕೊಡುಕು ಕಣ್ಣು, ನನ್ನ ಮಗನ ಕಣ್ಣು.”

ಹಳೇ ಕ್ಯಾಸೆಟ್ಟಿನಲ್ಲಿ ಆ ಟೋಪಿಯ ಗಾಜು ಬರೀ ಬಿಳಿ ಮಸುಕು. ಈಗ ಅದರ ಹಿಂದೆ ಒಂದು ಎಳೆಯ ಮುಖವಿತ್ತು. ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಬಾಯಿ ದಡಕ್ಕೆ ಬಿದ್ದ ಮೀನಿನ ಹಾಗೆ ತೆರೆದುಕೊಂಡಿತ್ತು. ಆ ಕಣ್ಣುಗಳು ವಿಜ್ಞಾನಿಯನ್ನು ನೋಡುತ್ತಿರಲಿಲ್ಲ, ಕ್ಯಾಮೆರಾವನ್ನೂ ನೋಡುತ್ತಿರಲಿಲ್ಲ. ಚಿತ್ರದಲ್ಲಿ ಕಾಣದ ಕಡೆ, ಪೆಟ್ಟಿಗೆಯ ಬಾಗಿಲ ಪಕ್ಕದಲ್ಲಿ ಯಾರೋ ನಿಂತಿದ್ದರು. ಅವರನ್ನು ನೋಡುತ್ತಿದ್ದವು.

“ಅದು ಯಾವ ಗ್ರಹದ ಮಾತೂ ಅಲ್ಲಮ್ಮ,” ಎಂದಳು ಮುನಿಗಂಗಮ್ಮ. “ಗಾಳಿ ಬರಲ್ಲ, ಗಾಳಿ ಬರಲ್ಲ ಅಂತಾವ್ನೆ.”

 ಒಮ್ಮೆ ಹಾಗೆ ಕೇಳಿಸಿದ ಮೇಲೆ ಬೇರೆ ರೀತಿ ಕೇಳಿಸುವುದೇ ಇಲ್ಲ. ಗಾಳಿ ಬರಲ್ಲ. ಬೀರುವಿನೊಳಗಿನ ಹುಡುಗಿಯೂ ಅದನ್ನೇ ಹೇಳುತ್ತಿದ್ದಳಲ್ಲ!

“ಆಮೇಲೆ, ಕಡೇಲಿ? ತೆಗು... ಅಂತ ಏನೋ ಅಂತಾನಲ್ಲ?”

ಮುನಿಗಂಗಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಟೀವಿಯಿಂದ ಕಣ್ಣು ಕೀಳದೆ ಅಂದಳು: “ತೆಗಿಯಮ್ಮಾ ಅಂತಾವ್ನೆ. ನನ್ನೇ ಕೂಗ್ತಾವ್ನೆ.”

 ಮಗಳು ಗಂಗಾ ಅಡುಗೆಮನೆಯ ಹೊಸ್ತಿಲಲ್ಲೇ ನಿಂತಿದ್ದಳು. ಅಷ್ಟು ಹೊತ್ತಿನಿಂದಲೂ ಅವಳು ಒಳಗೆ ಬಂದಿರಲಿಲ್ಲ.

“ನಾನು ಟೆಂಟಲ್ಲಿ ನೋಡಿದ್ದೆ ಇದನ್ನ,” ಮುನಿಗಂಗಮ್ಮ ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಹೇಳಿದಳು. “ಮಗ ಪಾರ್ಟು ಮಾಡವ್ನೆ ಅಂತ ಅಕ್ಕಪಕ್ಕದೋರನ್ನೆಲ್ಲ ಕರ್ಕೊಂಡ್ ಹೋಗಿದ್ದೆ. ಎಲ್ಲೂ ಅವನ ಮುಖ ಕಾಣಲಿಲ್ಲ. ಈ ಪೆಟ್ಟಿಗೆ ಸೀನ್ ಬಂದಾಗ ಟೆಂಟೆಲ್ಲ ನಗ್ತು. ನಾನೂ ನಕ್ಕೆ. ಮೈಯೆಲ್ಲ ಕುಲುಕೋ ಹಂಗೆ ನಕ್ಕೆ ಕಣಮ್ಮ.”

“ಆದ್ರೆ ಯುಗಾದಿ ಯುಗಾದಿಗೂ ಫೋನ್ ಮಾಡ್ತಾನೆ ಅಂದಿದ್ರಿ?”

“ಮಾಡ್ತಾನೆ. ಈ ಯುಗಾದಿಗೂ ಮಾಡ್ದ. ‘ಅಮ್ಮಾ, ಮದ್ರಾಸಲ್ಲಿ ಚೆನ್ನಾಗಿದೀನಿ, ಒಬ್ಬಟ್ಟು ಮಾಡಿದ್ಯಾ’ ಅಂದ. ಎಲ್ಲಿದೀಯೋ ಅಂದ್ರೆ ಮಾತ್ರ ಹೇಳಲ್ಲ.”

“ಅದೂ ಇದೇ ದನೀನಾ?”

“ಹಂಗೇ ಇತ್ತು.” ಅವಳು ಈಗ ತಿರುಗಿ ಪ್ರಿಯಂವದಾಳನ್ನು ನೋಡಿದಳು. ಕಣ್ಣು ಒಣಗಿತ್ತು. “ಫೋನಲ್ಲಿರೋನು ಒಬ್ಬಟ್ಟು ಕೇಳ್ತಾನೆ. ಇಲ್ಲಿರೋನು ಗಾಳಿ ಕೇಳ್ತಾನೆ. ಇಬ್ಬರಲ್ಲಿ ನನ್ನ ಮಗ ಯಾರಮ್ಮ?”

ಉಮಾಶಂಕರ ಟೀವಿ ಆರಿಸಿದ. “ಸಾಕು ಅತ್ತೆ, ಬೀಪಿ ಏರುತ್ತೆ,” ಎಂದು ನೀರಿನ ಲೋಟವನ್ನು ಅವಳ ಕೈಗಿಟ್ಟು, ಚೆಲ್ಲದಿರಲೆಂದು ಲೋಟದ ಬುಡಕ್ಕೆ ತನ್ನ ಬೆರಳನ್ನೂ ಕೊಟ್ಟ. ಮಗನಂಥ ಅಳಿಯ ಎಂದು ಊರೇ ಹೊಗಳುತ್ತಿತ್ತು. ಕದಿರೇಶನ ಜೊತೆಯಲ್ಲೇ ಬೆಳೆದವನು, ಒಂದೇ ಶಾಲೆ, ಒಂದೇ ಬೆಂಚು. ಈಗ ಸ್ವಂತ ಲಗೇಜ್ ಆಟೋ ಓಡಿಸಿಕೊಂಡು ಅತ್ತೆಯನ್ನೂ ನೋಡಿಕೊಳ್ಳುತ್ತಿದ್ದ.

ಕಾರಿನವರೆಗೂ ಅವನು ಪ್ರಿಯಂವದಾಳ ಜೊತೆ ಬಂದ.

“ಮೇಡಂ, ಇದನ್ನ ಇಲ್ಲಿಗೇ ಬಿಟ್ಬಿಡಿ. ಮಗ ಬದುಕಿದಾನೆ ಅಂತ ನಂಬ್ಕೊಂಡು ಉಸಿರಾಡ್ತಿದಾರೆ. ಅದನ್ನೂ ಕಿತ್ಕೊಂಡ್ರೆ ಏನು ಉಳಿಯುತ್ತೆ ಅವರಿಗೆ?”

“ನೀವು ಆ ಫೋನಲ್ಲಿ ಮಾತಾಡಿದೀರಾ?”

“ಹಬ್ಬದ ದಿನ ನಾನೆಲ್ಲಿ ಮನೇಲಿರ್ತೀನಿ? ಆವತ್ತೇ ಬಾಡಿಗೆ ಜಾಸ್ತಿ.”

“ಶೂಟಿಂಗ್ ನಡೆದಾಗ?”

“ಊರಲ್ಲೇ ಇದ್ದೆ. ಸಿನಿಮಾ ಹುಚ್ಚು ಅವನಿಗೇ, ನನಗಲ್ಲ.” ಅವನು ಕಾರಿನ ಬಾಗಿಲನ್ನು ಮೆಲ್ಲಗೆ, ಸದ್ದಾಗದಂತೆ ಮುಚ್ಚಿದ.

ಶ್ರೀನಿವಾಸಪುರದ ಮಾವಿನ ತೋಪುಗಳ ನಡುವೆ ಕಾರು ಮುಳಬಾಗಿಲಿನ ದಾರಿ ಹಿಡಿಯಿತು. ಪ್ರಿಯಂವದಾಳ ತಲೆಯಲ್ಲಿ ನಿನ್ನೆ ನಂಗಲಿಯ ನಾರಾಯಣ ಹೇಳಿದ ಮಾತು ಕೊರೆಯುತ್ತಿತ್ತು. ಆ ಗಾಜಿನ ಪೆಟ್ಟಿಗೆಯನ್ನು ಮಾಡಿದ ಬಡಗಿ ಅವನೇ. ಈಗ ಹೆದ್ದಾರಿಯ ಪಕ್ಕ ಲಾರಿಗಳ ಪಂಕ್ಚರ್ ಹಾಕಿಕೊಂಡಿದ್ದ.

“ಪೆಟ್ಟಿಗೆಗೆ ಒಳಗಡೆಯಿಂದಾನೂ ತೆಗೆಯೋ ಹಾಗೆ ಚಿಲಕ ಇಟ್ಟಿದ್ದೆ ಮೇಡಂ,” ಎಂದಿದ್ದ ಅವನು, ಟೈರಿನಿಂದ ಮುಖ ಎತ್ತದೆ. “ಆವತ್ತು ಬೆಳಿಗ್ಗೆ ನನ್ನ ಪೇಂಟ್ ತರೋಕೆ ಪೇಟೆಗೆ ಕಳಿಸಿದ್ರು. ವಾಪಸ್ ಬಂದಾಗ ಪೆಟ್ಟಿಗೆ ಖಾಲಿ. ಒಳಗಿನ ಚಿಲಕ ಇರಲಿಲ್ಲ, ಸ್ಕ್ರೂ ಬಿಚ್ಚಿ ತೆಗೆದಿದ್ರು. ಗಾಜು ಒಳಗಡೆಯಿಂದ ಬಿರುಕು ಬಿಟ್ಟಿತ್ತು. ಹುಡುಗ ಎಲ್ಲಿ ಅಂದೆ. ಮದ್ರಾಸಿಗೆ ಹೋದ ಅಂದ್ರು. ಬೆಳ್ಳಿ ಅಂಗಿ ಎಲ್ಲಿ ಅಂದೆ. ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಆ ಅಂಗಿ ಹಾಕ್ಕೊಂಡು ಯಾವ ಬಸ್ಸು ಹತ್ತಿದ ಮೇಡಂ ಅವನು?”

ನಾರಾಯಣ ಸುಳ್ಳು ಹೇಳುತ್ತಿರಬಹುದು. ಪೆಟ್ಟಿಗೆ ಮಾಡಿದ ಕೈಯೇ ಚಿಲಕ ಬಿಚ್ಚಿರಬಹುದು. ಆದರೆ ಸತ್ಯ ಗೊತ್ತಿರುವವನು ಇನ್ನೊಬ್ಬನಿದ್ದ. ಸಿನಿಮಾ ತೆಗೆದವನು.

ನಿರ್ದೇಶಕ ವಂಶಿಕೃಷ್ಣನ ಮನೆಯ ಮುಂದೆ ಹೂವಿನ ಹಾರಗಳು ಒಣಗುತ್ತಿದ್ದವು. ಹೊಸ ಡಿವಿಡಿಗಾಗಿ ಹಿಂದಿನ ದಿನ ಊರಿನವರು ಸನ್ಮಾನ ಮಾಡಿದ್ದರು. ಮುಳಬಾಗಿಲಿನ ಹಳೇ ಬೀದಿಯ ಆ ಮಹಡಿ ಮನೆ ಪ್ರಿಯಂವದಾಳಿಗೆ ಹೊಸದಲ್ಲ. ಚಿಕ್ಕಂದಿನಲ್ಲಿ ಅಪ್ಪನ ಕೈ ಹಿಡಿದು ಗೌರಿ ಹಬ್ಬಕ್ಕೆ ಬಂದಿದ್ದಳು.

“ಬಾಮ್ಮ ಬಾ. ನಿಮ್ಮಪ್ಪ ಹೇಗಿದಾರೆ? ಈಗಲೂ ಬ್ಯಾಂಕ್ ಲೆಕ್ಕ ನೋಡ್ತಾರಾ?” ವಂಶಿಕೃಷ್ಣ ನಕ್ಕ. ಬಿಳಿ ಜುಬ್ಬ, ನೀಟಾಗಿ ಬಾಚಿದ ಬಿಳಿ ಕೂದಲು. “ಕಾಫಿ ಕುಡೀತಾ ಮಾತಾಡೋಣ. ಕೌಸ್ತುಭ್, ಯಾರು ಬಂದಿದಾರೆ ನೋಡು.”

ಕೋಣೆಯ ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಮಗ ಕೌಸ್ತುಭ್ ಕೂತಿದ್ದ. ಹಳೇ ಸಿನಿಮಾಕ್ಕೆ ಹೊಸ ಜೀವ ಕೊಟ್ಟವನು ಅವನೇ. ಅವನ ಎರಡು ಪಕ್ಕದಲ್ಲೂ ಆಳೆತ್ತರದ ಸ್ಪೀಕರುಗಳು.

ಪ್ರಿಯಂವದಾ ಸುತ್ತು ಬಳಸಲಿಲ್ಲ. “ಸಾರ್, ಪೆಟ್ಟಿಗೆ ಸೀನಿನಲ್ಲಿ ಇದ್ದ ಹುಡುಗ ಕದಿರೇಶ. ಹೋಳೂರಿನವನು. ಅವನು ಎಲ್ಲಿ?”

“ಆಹಾ, ಕದಿರೇಶ! ಒಳ್ಳೇ ಹುಡುಗ. ಹೀರೋ ಮುಖ ಅಲ್ಲ, ಆದ್ರೆ ಮೈ ಬಳಸೋದು ಗೊತ್ತಿತ್ತು. ಶೂಟಿಂಗ್ ಆದ್ಮೇಲೆ ಮದ್ರಾಸಿಗೆ ಹೋದ.”

“ಅವನು ಆ ಪೆಟ್ಟಿಗೆ ಒಳಗೇ ಸತ್ತ.”

ಕೌಸ್ತುಭ್ ಕುರ್ಚಿ ತಿರುಗಿಸಿದ. ವಂಶಿಕೃಷ್ಣ ಮಾತ್ರ ಸಕ್ಕರೆ ಕಲಕುವುದನ್ನು ನಿಲ್ಲಿಸಲಿಲ್ಲ.

“ಯಾರು ಹೇಳಿದ್ದು? ನಾರಾಯಣನಾ? ಅವನು ಕುಡಿದ್ರೆ ಅಂಗಾರಕನೂ ಇಳಿದು ಬರ್ತಾನೆ.”

“ಅವನ ತಾಯಿ ಹೇಳಿದ್ದು. ಅದು ನಟನೆ ಅಲ್ಲ. ಗಾಳಿ ಬರಲ್ಲ ಅಂತ ಕೂಗ್ತಿದಾನೆ. ಅವನದೇ ದನಿ.”

“ಹೌದು, ಅವನದೇ ದನಿ.” ವಂಶಿಕೃಷ್ಣ ಚಮಚೆಯನ್ನು ಬಸಿಯಲ್ಲಿಟ್ಟ. ಮಗುವಿಗೆ ಪಾಠ ಹೇಳಿಕೊಡುವಷ್ಟು ಸಹನೆ ಇತ್ತು ಅವನ ಮಾತಿನಲ್ಲಿ. “ಚೂಡಮ್ಮಾ, ನೋಡು, ನಿನಗೆ ಸಿನಿಮಾ ಕೆಲಸ ಗೊತ್ತಿಲ್ಲ. ಆ ಕಾಲದಲ್ಲಿ ಶೂಟಿಂಗ್ ಜಾಗದ ದನೀನ ಯಾರೂ ಇಟ್ಕೋತಿರಲಿಲ್ಲ. ಜನರೇಟರ್ ಸದ್ದು, ಕಾಗೆ ಸದ್ದು, ನೂರೆಂಟು. ಎಲ್ಲ ಮಾತೂ ಆಮೇಲೆ ಮದ್ರಾಸಿನ ಸ್ಟುಡಿಯೋದಲ್ಲಿ ಡಬ್ಬಿಂಗ್. ಕದಿರೇಶನೂ ಬಂದ. ದೀಪಾವಳಿ ಮುಗಿದಿತ್ತು. ಮೈಕ್ ಮುಂದೆ ನಿಂತು ಆ ಮಾತು ಹೇಳಿದ, ಕಾಫಿ ಕುಡಿದ, ಹೋದ. ಶೂಟಿಂಗಲ್ಲಿ ಸತ್ತೋನು ಎರಡು ತಿಂಗಳಾದ ಮೇಲೆ ಡಬ್ಬಿಂಗ್ ಮಾಡ್ತಾನಾ?”

ಗೋಡೆ ಎದ್ದು ನಿಂತ ಹಾಗಾಯಿತು. ದನಿ ಕದಿರೇಶನದು ಎಂಬ ತಾಯಿಯ ಸಾಕ್ಷಿಯೇ ಈಗ ಇವನ ರಕ್ಷೆ. ದನಿ ಅವನದಾದರೆ, ಅವನು ಬದುಕಿದ್ದ.

ಪ್ರಿಯಂವದಾ ಕಾಫಿ ಮುಟ್ಟಲಿಲ್ಲ. “ಕೌಸ್ತುಭ್, ಆ ಸೀನ್ ಒಂದ್ಸಲ ಹಾಕ್ತೀರಾ? ಇವುಗಳಲ್ಲಿ.”

ಕೌಸ್ತುಭ್ ಅಪ್ಪನ ಮುಖ ನೋಡಿದ. ಅಪ್ಪ ಉದಾರವಾಗಿ ಕೈ ಬೀಸಿದ.

ಹೋಳೂರಿನ ಟೀವಿಯಲ್ಲಿ ಕೇಳಿದ್ದು ಏನೂ ಅಲ್ಲ. ಇಲ್ಲಿ ಕದಿರೇಶನ ಉಸಿರು ಕೋಣೆಯ ಗೋಡೆಗಳನ್ನೇ ಎಳೆದು ಬಿಡುತ್ತಿತ್ತು. ಪ್ರಿಯಂವದಾ ಕಣ್ಣು ಮುಚ್ಚಿದಳು. ಉಸಿರನ್ನು ಬಿಟ್ಟು ಉಸಿರಿನ ಹಿಂದುಗಡೆ ಏನಿದೆಯೋ ಅದನ್ನು ಕೇಳಲು ಹವಣಿಸಿದಳು.

ಇತ್ತು. ದೂರದಲ್ಲಿ, ತೀರಾ ಸಣ್ಣಗೆ. ಉದ್ದನೆಯ ಒಂದು ಸೀಟಿ. ಸ್ವಲ್ಪ ಬಿಟ್ಟು ಮತ್ತೊಂದು. ಆಮೇಲೆ ನೆಲದಡಿಯಿಂದ ಬಂದಂತೆ ‘ಧಂ’ ಎಂಬ ಸದ್ದು.

ಅವಳು ಕಣ್ಣು ತೆರೆದಳು.

“ಇದೇನು ಸದ್ದು ಕೌಸ್ತುಭ್?”

“ಅದಾ?” ಅವನು ಕೆಲಸದ ಹುಮ್ಮಸ್ಸಿನಲ್ಲೇ ಹೇಳಿದ. “ಕಲ್ಲು ಕ್ವಾರಿ. ಬಂಡೆ ಸಿಡಿಸೋ ಮುಂಚೆ ಜನ ದೂರ ಹೋಗ್ಲಿ ಅಂತ ಸೀಟಿ ಊದ್ತಾರಲ್ಲ. ಹಳೇ ಪ್ರಿಂಟಲ್ಲಿ ಕರಕರ ಜಾಸ್ತಿ ಇತ್ತು, ಕೇಳ್ತಾನೇ ಇರಲಿಲ್ಲ. ತೆಗೆಯೋಣ ಅಂದ್ಕೊಂಡೆ, ತೆಗೆದ್ರೆ ಅವನ ದನೀನೂ ಹಾಳಾಗ್ತಿತ್ತು. ಎರಡೂ ಒಂದಕ್ಕೊಂದು ಅಂಟ್ಕೊಂಡಿದಾವೆ. ಒಂದೇ ಟೇಪು...”

ಅವನು ಅಲ್ಲಿಗೇ ನಿಂತ. ಬಾಯಿಂದ ಏನು ಹೊರಬಿತ್ತೆಂದು ಅವನಿಗೇ ಅರ್ಥವಾಗುತ್ತಿತ್ತು.

“ಮುಳಬಾಗಿಲಲ್ಲಿ ಹುಟ್ಟಿ ಬೆಳೆದವಳು ಸಾರ್ ನಾನು,” ಎಂದಳು ಪ್ರಿಯಂವದಾ. “ಆ ಸೀಟಿ ಕೇಳ್ಕೊಂಡೇ ಮಧ್ಯಾಹ್ನ ಊಟಕ್ಕೆ ಬಿಡ್ತಿದ್ರು ನಮ್ಮನ್ನ. ನೀವು ಶೂಟಿಂಗ್ ಮಾಡಿದ ಶೆಡ್ಡು ಕ್ವಾರಿ ಪಕ್ಕದಲ್ಲೇ ಇತ್ತು. ಮದ್ರಾಸಿನ ಸ್ಟುಡಿಯೋದಲ್ಲಿ ಯಾವ ಬಂಡೆ ಸಿಡಿಸಿದ್ರಿ?”

ಕೆಳಗೆ ಬೀದಿಯಲ್ಲಿ ಸೊಪ್ಪು ಮಾರುವವಳು ಕೂಗುತ್ತಾ ಹೋದಳು. ವಂಶಿಕೃಷ್ಣ ಮಗನ ಕಡೆ ತಿರುಗಿದ.

“ಕೌಸ್ತುಭ್, ನೀನು ಕೆಳಗೆ ಹೋಗು.”

ಕೌಸ್ತುಭ್ ಅಲುಗಲಿಲ್ಲ.

“ಹೋಗೋ!”

“ಇಲ್ಲಪ್ಪ.”

ವಂಶಿಕೃಷ್ಣ ಭುಜ ಕುಣಿಸಿದ. ಸಿಕ್ಕಿಬಿದ್ದವನ ಬೆವರನ್ನು ಪ್ರಿಯಂವದಾ ಅವನ ಮುಖದಲ್ಲಿ ಹುಡುಕಿದಳು. ಅಲ್ಲಿದ್ದದ್ದು ಬೇರೆ. ಇಷ್ಟು ವರ್ಷ ಯಾರಿಗೂ ಹೇಳಿಕೊಳ್ಳಲಾಗದ ಒಂದು ಹೆಮ್ಮೆ.

“ಡಬ್ಬಿಂಗಿಗೆ ಒಳ್ಳೊಳ್ಳೇ ಕಲಾವಿದರನ್ನ ಕರೆಸಿದೆ. ನಿಜವಾಗಲೂ. ಮೂಗು ಹಿಡ್ಕೊಂಡು ನೋಡಿದ್ರು, ಓಡಿ ಬಂದು ಏದುಸಿರಲ್ಲಿ ಹೇಳಿ ನೋಡಿದ್ರು. ಒಬ್ಬರಿಗೂ ಹಾಗೆ ಬರಲಿಲ್ಲ.” ಅವನು ತಲೆಯಾಡಿಸಿದ. “ಹೇಗೆ ಬರುತ್ತೆ? ಅದಕ್ಕೇ ಮೂಲದ್ದನ್ನೇ ಇಟ್ಕೊಂಡೆ.”

“ಅವನು ಸಾಯ್ತಿದಾನೆ ಅಂತ ಯಾವಾಗ ಗೊತ್ತಾಯ್ತು?”

“ಮಂಡಿಯೂರಿದಾಗ.”

“ಆದ್ರೂ ನಿಲ್ಲಿಸಲಿಲ್ಲ.”

“ಕ್ಯಾಮೆರಾ ಓಡ್ತಿತ್ತಮ್ಮ.”

“ಎಲ್ಲಿವರೆಗೆ?”

“ರೀಲು ಮುಗಿಯೋವರೆಗೆ.”

ಕೌಸ್ತುಭ್‌ ಎದ್ದು ನಿಂತ. “ನಾನು ತಿಂಗಳುಗಟ್ಟಲೆ ಅದನ್ನೇ ಕೇಳಿದೀನಿ ಅಪ್ಪ. ಪಕ್ಕದಲ್ಲಿ ಕೂತು ನೀವೇ ಹೇಳಿದ್ರಿ, ಉಸಿರಿನ ಸದ್ದು ಇನ್ನೂ ಸ್ವಲ್ಪ ಎತ್ತು, ಇನ್ನೂ ಸ್ವಲ್ಪ ಎತ್ತು ಅಂತ.”

“ಎತ್ತಿದ್ದು ಒಳ್ಳೇದಾಯ್ತಲ್ಲ. ನಿನ್ನೆ ಸಭೆಯಲ್ಲಿ ಜನ ಉಸಿರು ಬಿಗಿ ಹಿಡಿದು ಕೂತಿದ್ರು. ನೋಡಲಿಲ್ವಾ?”

“ಒಳಗಿನ ಚಿಲಕ?” ಎಂದಳು ಪ್ರಿಯಂವದಾ.

“ಗಾಜಲ್ಲಿ ಕಾಣ್ತಿತ್ತು. ಅಂಗಾರಕದವನನ್ನ ಕೂಡಿಹಾಕೋ ಪೆಟ್ಟಿಗೆಗೆ ಒಳಗೆ ಚಿಲಕ ಇರುತ್ತಾ? ತೆಗೆಸಿದೆ.”

“ಇದು ಕೊಲೆ ಸಾರ್. ನಾನು ಸ್ಟೇಷನ್ನಿಗೆ ಹೋಗ್ತೀನಿ.”

“ಹೋಗು. ಹೆಣ ಎಲ್ಲಿ ಅಂತಾರೆ. ದೂರು ಯಾರದು ಅಂತಾರೆ.” ಅವನು ಈಗ ಕಾಫಿ ಎತ್ತಿ ಒಂದು ಗುಟುಕು ಕುಡಿದ. “ಆ ಹೆಂಗಸು ಆವಾಗಲೇ ದೂರು ಕೊಟ್ಟಿದ್ದಳು, ಗೊತ್ತಾ? ಅಷ್ಟರಲ್ಲಿ ಯುಗಾದಿ ಬಂತು. ಹೋಳೂರಿನ ಎಸ್‌ಟಿಡಿ ಬೂತಿಗೆ ಫೋನು ಬಂತು. ‘ನನ್ನ ಮಗ ಸಿಕ್ಕಿದ ಸ್ವಾಮೀ’ ಅಂತ ಅವಳೇ ಹೋಗಿ ದೂರು ವಾಪಸ್ ತಗೊಂಡಳು. ಪೋಲೀಸರಿಗೆಲ್ಲ ಒಬ್ಬಟ್ಟು ಹಂಚಿ ಬಂದಳಂತೆ.”

“ಫೋನ್ ಮಾಡಿಸಿದ್ದು ನೀವು.”

“ಡಬ್ಬಿಂಗಿಗೆ ಬಂದವರಲ್ಲಿ ಒಬ್ಬನಿಗೆ ಮಾತ್ರ ಹತ್ತಿರ ಹತ್ತಿರ ಬಂದಿತ್ತು. ಸಿನಿಮಾಗೆ ಸಾಲದು.” ವಂಶಿಕೃಷ್ಣ ಬಸಿಯ ಮೇಲೆ ಕಪ್ಪು ಇಟ್ಟ. “ಒಬ್ಬ ತಾಯಿಗೆ ಸಾಕು.”

ಅವನ ಮುಖಕ್ಕೆ ಆ ಕಾಫಿ ಎರಚಬೇಕೆನಿಸಿತು. ಪ್ರಿಯಂವದಾ ಬೆರಳುಗಳನ್ನು ಅಂಗೈಯೊಳಗೆ ಬಿಗಿದುಕೊಂಡಳು.

“ಯಾರವನು?”

“ಕದಿರೇಶನೇ ಹೇಳ್ತಿದಾನಲ್ಲಮ್ಮ. ಕೇಳಿಸಲಿಲ್ವಾ?”

ಯಾರೂ ಹೇಳದೆಯೇ ಕೌಸ್ತುಭ್ ಮತ್ತೆ ಗುಂಡಿ ಒತ್ತಿದ. ಕೊನೆಯ ಮಾತಷ್ಟೇ ಬರುವಂತೆ, ಉಳಿದದ್ದೆಲ್ಲ ತಗ್ಗುವಂತೆ ಏನೋ ತಿರುಗಿಸಿದ. ಕೋಣೆಯ ತುಂಬ ಆ ಹುಡುಗನ ದನಿ ನಿಂತಿತು. ಒಡೆದ ದನಿ, ಗದರಿಸುತ್ತಿರಲಿಲ್ಲ, ಬೇಡುತ್ತಿತ್ತು.

ಗಾಳಿ ಬರಲ್ಲ. ತೆಗಿ, ಉಮಾ.

ಅಮ್ಮಾ ಅಲ್ಲ. ಉಮಾ.

ಜಿಲ್ಲೆಯ ಮಕ್ಕಳೆಲ್ಲ ಬೀದಿ ಬೀದಿಯಲ್ಲಿ ಆ ಹೆಸರನ್ನು ಕೂಗುತ್ತಾ ಓಡಾಡಿದ್ದರು. ಒಬ್ಬರಿಗೂ ತಿಳಿದಿರಲಿಲ್ಲ.

“ಹೊರಗಿನ ಚಿಲಕ ಹಿಡ್ಕೊಂಡು ನಿಂತೋನೂ, ಫೋನ್ ಮಾಡೋನೂ ಉಮಾಶಂಕರನೇ,” ಎಂದ ವಂಶಿಕೃಷ್ಣ. “ಸ್ನೇಹಿತರಿಬ್ಬರೂ ಒಟ್ಟಿಗೆ ಬಂದಿದ್ರು, ಪಾರ್ಟು ಬೇಕು ಅಂತ. ಮುಂದಿನ ಚಿತ್ರದಲ್ಲಿ ನಿನಗೇ ಹೀರೋ ಪಾತ್ರ ಅಂದಿದ್ದೆ. ಕದಿರೇಶ ಒಳಗಿಂದ ಬಡೀತಿದ್ದಾಗ ಇವನು ನನ್ನ ಮುಖ ನೋಡಿದ. ನಾನು ‘ಬೇಡ’ ಅಂತ ತಲೆ ಆಡಿಸಿದೆ. ಅಷ್ಟೇ. ನಾನು ಅವನ ಕೈ ಹಿಡ್ಕೊಂಡಿರಲಿಲ್ಲಮ್ಮ. ತೆಗೀಬಹುದಿತ್ತು.”

“ಹೆಣ ಏನು ಮಾಡಿದ್ರಿ?”

“ನಾನು ಕೇಳಲಿಲ್ಲ. ಅವನೇ ತಗೊಂಡು ಹೋದ. ಬೆಳ್ಳಿ ಅಂಗಿ ಸಮೇತ.” ಆಮೇಲೆ ಸೇರಿಸಿದ: “ಆ ಮನೆಗೇ ಅಳಿಯ ಆಗು ಅಂತ ನಾನು ಹೇಳಿದ್ದಲ್ಲ. ಅದು ಅವನದೇ ಕಲ್ಪನೆ.”

ಪ್ರಿಯಂವದಾ ಮೆಟ್ಟಿಲಿಳಿದದ್ದು ಹೇಗೋ. ಹಿಂದೆ ಮಹಡಿಯಲ್ಲಿ ಏನೋ ಬಿದ್ದು ಚೂರಾಯಿತು. ಅಪ್ಪ ಮಗ ಇಬ್ಬರೂ ಒಟ್ಟಿಗೆ ಕೂಗಾಡುತ್ತಿದ್ದರು. ಅವಳು ತಿರುಗಿ ನೋಡಲಿಲ್ಲ.

ಇಡೀ ಬೆಳಗು ಮುನಿಗಂಗಮ್ಮನ ಪಕ್ಕದಲ್ಲಿ ಕೂತು ರಿಮೋಟು ಒತ್ತಿದ ಕೈ. ನೀರಿನ ಲೋಟದ ಬುಡ ಹಿಡಿದ ಬೆರಳು. ಆ ಮನೆಯಲ್ಲಿ ಪ್ರಿಯಂವದಾ ಅವಳನ್ನು ಅವನ ಜೊತೆ ಬಿಟ್ಟು ಬಂದಿದ್ದಳು.

ಕಾರಿನಲ್ಲಿ ಕೂತು ಗಂಗಾಳ ಮೊಬೈಲಿಗೆ ಫೋನ್ ಮಾಡಿದಳು. ಬಹಳ ಹೊತ್ತು ಬಡಿದುಕೊಂಡ ಮೇಲೆ ಗಂಗಾ ಎತ್ತಿದಳು.

“ಗಂಗಾ, ನಿಮ್ಮ ಯಜಮಾನ್ರು ಎಲ್ಲಿ?”

“ಅಮ್ಮನ್ನ ಕರ್ಕೊಂಡು ಹೋದ್ರು.”

“ಎಲ್ಲಿಗೆ?”

 ಗಂಗಾ ಸಣ್ಣ ದನಿಯಲ್ಲಿ ಕೇಳಿದಳು: “ಫೋನ್ ವಿಷಯ ನಿಮಗೆ ಗೊತ್ತಾಯ್ತಾ ಅಕ್ಕ?”

“ನಿನಗೆ ಗೊತ್ತಿತ್ತಾ?”

“ಮದುವೆಯಾದ ಮೊದಲನೇ ಯುಗಾದೀಲೇ ಗೊತ್ತಾಯ್ತು. ಬಚ್ಚಲಲ್ಲಿ ನಿಂತ್ಕೊಂಡು ಅಣ್ಣನ ಥರ ಮಾತಾಡಿ ನೋಡ್ಕೋತಿದ್ರು. ಮೊದಲು ಹೆದರಿದೆ. ಆಮೇಲೆ, ಅಮ್ಮ ವರ್ಷಕ್ಕೊಂದು ದಿನ ನಗ್ತಾಳಲ್ಲ, ಇರಲಿ ಅಂತ ಸುಮ್ನಾದೆ. ಅಣ್ಣ ಎಲ್ಲೋ ಓಡಿಹೋಗವ್ನೆ, ಪಾಪ ಇವರು ಅಮ್ಮನ್ನ ಸಮಾಧಾನ ಮಾಡ್ತಾರೆ ಅಂದ್ಕೊಂಡಿದ್ದೆ. ಅಷ್ಟೇ ಅಕ್ಕ ನಂಗೆ ಗೊತ್ತಿರೋದು. ಮುತ್ಯಾಲಮ್ಮನ ಆಣೆ.”

“ಸರಿ, ಅಳಬೇಡ. ಅಮ್ಮನ್ನ ಅವನು ಏನು ಹೇಳಿ ಕರ್ಕೊಂಡು ಹೋದ?”

“ಅವರಲ್ಲ ಅಕ್ಕ. ಅಮ್ಮನೇ ಹೊರಡಿಸಿದ್ದು.”

ಪ್ರಿಯಂವದಾ ಕಾರು ಸ್ಟಾರ್ಟ್ ಮಾಡಿದಳು.

“ನೀವು ಹೋದ್ಮೇಲೆ ಅಮ್ಮ ಆರಿಸಿದ ಟೀವಿ ಮುಂದೇನೇ ಕೂತಿದ್ಲು. ಅನ್ನ ಬೇಡ ಅಂದ್ಲು. ಆಮೇಲೆ ಎದ್ದು ಮುಖ ತೊಳ್ಕೊಂಡು, ಹೊಸ ಸೀರೆ ಉಟ್ಕೊಂಡು ಬಂದ್ಲು. ‘ಉಮಾ, ನನ್ನ ಮಗ ಇರೋ ಕಡೆ ಕರ್ಕೊಂಡ್ ಹೋಗು’ ಅಂದ್ಲು.” ಗಂಗಾಳ ಮಾತು ತೊದಲತೊಡಗಿತು. “ಅಮ್ಮ ಯಾವತ್ತೂ ಅವರನ್ನ ಹೆಸರು ಹಿಡಿದು ಕೂಗಿದೋಳಲ್ಲ ಅಕ್ಕ. ಅಳಿಯಂದ್ರೇ ಅಂತಾನೇ ಅನ್ನೋದು. ಇವತ್ತು ಉಮಾ ಅಂದ್ಲು. ಚಿಕ್ಕಂದಿನಲ್ಲಿ ಅಣ್ಣ ಕೂಗ್ತಿದ್ದನಲ್ಲ, ಥೇಟ್ ಹಂಗೆ. ಅವರ ಮುಖದಲ್ಲಿ ರಕ್ತಾನೇ ಇರಲಿಲ್ಲ. ಹೋಗಿ ಹಾರೆ, ಗುದ್ದಲಿ ತಂದು ಆಟೋಗೆ ಹಾಕ್ಕೊಂಡ್ರು.”

“ಯಾವ ಕಡೆ ಹೋದ್ರು? ಗಂಗಾ, ನೋಡಿದ್ಯಾ?”

“ಗೊತ್ತಿಲ್ಲ ಅಕ್ಕ. ನಾನೂ ಬರ್ತೀನಿ ಅಂದೆ. ಅಮ್ಮ ಬೇಡ ಅಂದ್ಲು. ಒಲೆ ಮೇಲೆ ಅನ್ನ ಇದೆ ನೋಡ್ಕೋ ಅಂದ್ಲು.” ಗಂಗಾ ಮೂಗೊರೆಸಿಕೊಂಡಳು. “ಹತ್ತೋವಾಗ ಸೆರಗು ಜಾರ್ತು. ಸೊಂಟದಲ್ಲಿ ಕುಡುಗೋಲು ಸಿಗಿಸ್ಕೊಂಡಿದ್ಲು. ಅದ್ಯಾಕಮ್ಮ ಅಂದೆ. ಬರ್ತಾ ಹಸುಗೆ ಹುಲ್ಲು ಕುಯ್ಕೊಂಡ್ ಬರ್ತೀನಿ ಅಂದ್ಲು.”

“ಸರಿ...”

“ನಮ್ಮನೇಲಿ ಹಸು ಇಲ್ಲ ಅಕ್ಕ.”